ಅಡೂರಿನಲ್ಲಿ ಕೋರೆಹಲ್ಲಿನವಳ ಹಾಡು

ಎರಡು ಸಾವಿರದ ಹದಿನೇಳನೇ ಇಸವಿ, ಜನವರಿಯ ಒಂದು ಶನಿವಾರ. ಬೆಳಿಗ್ಗೆ ಏಳಕ್ಕೆಲ್ಲ ನಾವು ಮೂವರು ಮಂಜೇಶ್ವರದ ಬಸ್ ಸ್ಟಾಪಿನಲ್ಲಿ ನಿಂತಾಗಿತ್ತು. ನಾನು, ನನ್ನ ಮೊಮ್ಮಗಳು ದೀಕ್ಷಾ, ಮತ್ತು ನನ್ನ ಪಕ್ಕದಲ್ಲಿ ಕೂತು ಎಷ್ಟೋ ವರ್ಷ ಬೀಡಿ ಕಟ್ಟಿದ ಲೀಲಾ. ಹೊರಟದ್ದು ಅಡೂರಿಗೆ. ಅಲ್ಲಿನ ಯುವಕ ಸಂಘದ ವಾರ್ಷಿಕೋತ್ಸವದಲ್ಲಿ ಸಂಜೆ ದೀಕ್ಷಾ ಜಪಾನಿನ ಹಾಡು ಹಾಡುವುದಿತ್ತು. ಹೌದು, ಜಪಾನಿನದ್ದೇ. ನಾನು ಸರಿಯಾಗಿಯೇ ಬರೆದಿದ್ದೇನೆ, ನೀವೂ ಸರಿಯಾಗಿಯೇ ಓದಿದ್ದೀರಿ.

ಅಡೂರಿನ ರಾಘವ ಮಾಸ್ಟ್ರು ರಸಮಂಜರಿ ತಂಡ ನಡೆಸುವವರು. ಮದುವೆ, ವಾರ್ಷಿಕೋತ್ಸವ ಎಂದು ಊರೂರಿಗೆ ಹೋಗಿ ವಾದ್ಯ ಸಮೇತ ಹಾಡಿಸುತ್ತಾರೆ. ಅವರ ತಂಡದಲ್ಲಿ ಹಾಡುತ್ತಿದ್ದ ಹುಡುಗಿ ಮದುವೆಯಾಗಿ ದೂರ ಹೋದದ್ದರಿಂದ ಹೊಸ ಸ್ವರ ಬೇಕಾಗಿತ್ತು. ಪ್ಲಸ್ ಟು ಓದುತ್ತಿದ್ದ ನಮ್ಮ ದೀಕ್ಷಾಳಿಗೆ ಆ ತಂಡ ಸೇರುವುದೊಂದೇ ಆಸೆ. ಒಂದು ಹಾಡು ಫೋನಿನಲ್ಲಿ ಕಳಿಸು ಎಂದು ಮಾಸ್ಟ್ರು ಹೇಳಿದರೆ, ಸಿನಿಮಾ ಹಾಡು ಬಿಟ್ಟು ಇದನ್ನು ಹಾಡಿ ಕಳಿಸಿದಳು. ಮಾಸ್ಟ್ರು ಅಸಲು ಹಾಡು ಹುಡುಕಿ ಎರಡು ದಿನ ಕೇಳಿದರು. ಮೂರನೆಯ ದಿನ ಫೋನು ಮಾಡಿ, "ನಿನ್ನ ಸ್ವರಕ್ಕಿಂತ ಆ ಹಾಡಿನ ಹಿಂದೆ ಇರುವ ಪಿಟೀಲು ನನ್ನ ನಿದ್ದೆ ತೆಗೀತು ಮಾರಾಯ್ತಿ. ಅದನ್ನೇ ಮಾಡುವ. ಹಗಲು ನಮ್ಮಲ್ಲಿ ಅಭ್ಯಾಸ, ಸಂಜೆ ಸ್ಟೇಜು. ಸರಿಯಾದ್ರೆ ನೀನು ತಂಡಕ್ಕೆ," ಎಂದರು.

ಹುಡುಗಿಗೆ ತಂಡದ ಚಿಂತೆ. ನನಗೆ ಪಿಟೀಲಿನ ಚಿಂತೆ. ಎಷ್ಟೋ ವರ್ಷ ಕಿವಿಯಲ್ಲಿ ಕೇಳಿದ್ದನ್ನು ಒಮ್ಮೆ ಕಣ್ಣೆದುರು ಬಾರಿಸುವುದನ್ನು ನೋಡಬೇಕಿತ್ತು.

ಮಂಗಳೂರು ಕಡೆಯಿಂದ ಬಂದ ಬಸ್ಸಿನಲ್ಲಿ ಮೂರೂ ಸೀಟು ಸಿಕ್ಕಿದ್ದೇ ಒಂದು ಶುಭಶಕುನ. ಟಿಕೆಟಿಗೆ ತಲೆಗೆ ಇಪ್ಪತ್ತು ಚಿಲ್ಲರೆ. ಲೀಲಾ ಉಟ್ಟಿದ್ದ ಜರಿ ಸೀರೆ ನೋಡಿ ಕಂಡಕ್ಟರ್ ಕೇಳಿದ, "ಎಲ್ಲಿ ಅಮ್ಮ ಮದುವೆ?"

"ಮದುವೆ ಅಲ್ಲ ಮಾರಾಯ, ನಾವು ಜಪಾನಿಗೆ," ಎಂದಳು ಲೀಲಾ.

"ಈ ಬಸ್ಸು ಕಾಸರಗೋಡಿನವರೆಗೆ ಮಾತ್ರ. ಮತ್ತೆ ನೀವು ಈಜಬೇಕು," ಎಂದು ಅವನು ಚೀಟಿ ಹರಿದು ಕೊಟ್ಟ.

ಕುಂಬಳೆ ದಾಟಿದ ಮೇಲೆ ಹೆದ್ದಾರಿಯ ಧೂಳಿನ ನಡುವೆಯೂ ಸಮುದ್ರದ ಗಾಳಿ ಕಿಟಕಿಯಿಂದ ಒಳಗೆ ನುಗ್ಗಿತು. ಮೊಗ್ರಾಲಿನಲ್ಲಿ ನಮ್ಮ ಹಳೆಯ ಗೆಳತಿ ಆಯಿಷಾ ಹತ್ತಿದಳು. ಕೈಯಲ್ಲಿ ಎರಡು ಚೀಲ. ಒಂದರಲ್ಲಿ ಅಕ್ಕಿ ಬೆಲ್ಲದ ಬಿಸಿ ಬಿಸಿ ಕಲ್ತಪ್ಪ, ಇನ್ನೊಂದರಲ್ಲಿ ಏನೆಂದು ಅವಳು ಹೇಳಲಿಲ್ಲ, ನಾವೂ ಕೇಳಲಿಲ್ಲ. ಹತ್ತಿದವಳೇ ದೀಕ್ಷಾಳ ಗಲ್ಲ ಹಿಂಡಿ, "ಗಂಟಲು ಹೇಗುಂಟು ಮಗಳೇ? ತಣ್ಣೀರು ಕುಡಿಲಿಲ್ಲ ಅಲ್ವಾ?" ಎಂದು ವಿಚಾರಿಸಿದಳು. ಹಾಗೆ ವಿಚಾರಿಸುವ ಹಕ್ಕು ಅವಳಿಗಿದೆ. ಹಾಡು ಬಂದದ್ದೇ ಅವಳ ಮನೆಯಿಂದ.

ಆ ಕಥೆ ಇಲ್ಲಿ ಹೇಳಿಬಿಡುತ್ತೇನೆ, ಕಾಸರಗೋಡು ಬರುವಷ್ಟರಲ್ಲಿ ಮುಗಿಯುತ್ತದೆ. ಆಯಿಷಾ ಮೊದಲು ನಮ್ಮ ಪಕ್ಕದ ಮನೆಯವಳು, ಆಮೇಲೆ ಮೊಗ್ರಾಲಿಗೆ ಹೋದದ್ದು. ಅವಳ ಗಂಡ ಅದ್ರಾಮ ಬ್ಯಾರಿ ಗಲ್ಫಿನಲ್ಲಿ ಜಪಾನಿ ಇಂಜಿನಿಯರುಗಳ ಕ್ಯಾಂಪಿನಲ್ಲಿ ಅಡುಗೆ ಮಾಡುತ್ತಿದ್ದರು. ಕೆಲಸ ಮುಗಿಸಿ ಊರಿಗೆ ಹೊರಟ ಒಬ್ಬ ಇಂಜಿನಿಯರು ತನ್ನ ಟೇಪ್ ರೆಕಾರ್ಡರನ್ನೂ ಒಂದು ಚೀಲ ಕ್ಯಾಸೆಟ್ಟನ್ನೂ ಇವರ ಕೈಗಿಟ್ಟ. ಬ್ಯಾರಿ ರಜೆಯಲ್ಲಿ ಬಂದಾಗ ಅದೆಲ್ಲ ಮಂಜೇಶ್ವರಕ್ಕೆ ಬಂತು. ಆಯಿಷಾಳ ಚಾವಡಿಯಲ್ಲಿ ನಾವು ಮೊರ ಮಡಿಲಲ್ಲಿಟ್ಟು ಬೀಡಿ ಕಟ್ಟುವಾಗ ಬೆಳಿಗ್ಗೆಯಿಂದ ಸಂಜೆವರೆಗೆ ಅದೇ ಹಾಡು. ಕೈ ಓಡಬೇಕಾದರೆ ಹಾಡು ಬೇಕು, ಇದು ಬೀಡಿ ಕಟ್ಟಿದವರಿಗೆಲ್ಲ ಗೊತ್ತು. ರೇಡಿಯೋದವನು ನಡುವೆ ಮಾತಾಡಿ ಕೈ ನಿಲ್ಲಿಸುತ್ತಾನೆ. ಜಪಾನಿ ಹುಡುಗಿಯರು ಹಾಗೆ ಮಾಡುತ್ತಿರಲಿಲ್ಲ.

ಹೆಸರು ಓದಲು ಬರುವುದಿಲ್ಲವಲ್ಲ, ಕ್ಯಾಸೆಟ್ಟಿನ ಮೇಲಿನ ಚಿತ್ರ ನೋಡಿ ನಾವೇ ಹೆಸರಿಟ್ಟೆವು. ಒಬ್ಬಳು ರಿಬ್ಬನಿನವಳು, ಒಬ್ಬಳು ಬಿಳಿ ಲಂಗದವಳು. ಎಲ್ಲರಿಗಿಂತ ಪ್ರೀತಿಯವಳು ಕೋರೆಹಲ್ಲಿನವಳು. ನಕ್ಕರೆ ಒಂದು ಹಲ್ಲು ಇನ್ನೊಂದರ ಮೇಲೆ ಹತ್ತಿ ಕೂತಿರುತ್ತದೆ. ಇವರೆಲ್ಲ ದೊಡ್ಡ ಹೆಸರಿನ ಹಾಡುಗಾರ್ತಿಯರೆಂದು ನಾವು ತಿಳಿದಿದ್ದೆವು. ದೀಕ್ಷಾ ಕ್ಯಾಸೆಟ್ಟಿನ ಫೋಟೋ ತೆಗೆದು ಮೊಬೈಲಿನಲ್ಲಿ ಹುಡುಕಿ ಹೇಳಿದ ಮೇಲೆ ಗೊತ್ತಾದದ್ದು, ಅವರ ಊರಿನಲ್ಲಿಯೇ ಇವರನ್ನು ಬಲ್ಲವರು ಕಡಿಮೆಯಂತೆ. ಆ ಕಾಲದಲ್ಲಿ ವರ್ಷ ವರ್ಷವೂ ಇಂಥ ಹದಿನಾರು ಹದಿನೇಳರ ಹುಡುಗಿಯರನ್ನು ಝಾಲರಿಯ ಲಂಗ ಹಾಕಿಸಿ ಟೀವಿಯಲ್ಲಿ ನಿಲ್ಲಿಸುತ್ತಿದ್ದರಂತೆ. ಕೆಲವರು ಮೇಲೆ ಹೋದರು, ಉಳಿದವರು ಎರಡು ಮೂರು ವರ್ಷ ಹಾಡಿ ಮನೆಗೆ ಹೋದರು. ಕೋರೆಹಲ್ಲಿನವಳು ಹಾಗೆ ಮನೆಗೆ ಹೋದವಳು.

ಆದರೆ ಅವಳ ಹಾಡಿನ ಹಿಂದೆ ಇರುವ ವಾದ್ಯ ನೀವು ಕೇಳಬೇಕು! ಅವಳದ್ದು ಸಣ್ಣ ಸ್ವರ, ಪಕ್ಕದ ಮನೆಯ ಹುಡುಗಿ ಬಾವಿಕಟ್ಟೆಯಲ್ಲಿ ಹಾಡಿದ ಹಾಗೆ. ಹಿಂದೆ ಮಾತ್ರ ಪಿಟೀಲುಗಳ ಒಂದು ದಿಬ್ಬಣವೇ ಬರುತ್ತದೆ. ಅವಳು ಉಸಿರು ತೆಗೆಯುವ ಜಾಗದಲ್ಲಿ ಕೊಳಲು ಬಂದು ಕೈ ಹಿಡಿಯುತ್ತದೆ, ಪಲ್ಲವಿಗೆ ಮೊದಲು ಟ್ರಂಪೆಟ್ಟು ಬಾಗಿಲು ತೆರೆಯುತ್ತದೆ. ಹೆಸರಿಲ್ಲದ ಹುಡುಗಿಗೂ ಯಾರೋ ದೊಡ್ಡವರು ಕೂತು ಇಷ್ಟೆಲ್ಲ ಬರೆದು ಕೊಟ್ಟರಲ್ಲ, ಇವಳಿಗೆ ಇಷ್ಟು ಸಾಕು ಎನ್ನಲಿಲ್ಲವಲ್ಲ. ಅದನ್ನು ನೆನೆದರೆ ನನಗೆ ಈಗಲೂ ಸಂತೋಷ.

ಶಬ್ದ ನಮಗೆ ಬಾರದ್ದರಿಂದ ನಾವು ಹಾಡುತ್ತಿದ್ದದ್ದು ವಾದ್ಯವನ್ನೇ. ನಾನು ಪಿಟೀಲು, ಲೀಲಾ ಕೊಳಲು, ಆಯಿಷಾ ಟ್ರಂಪೆಟ್ಟು. ಮೊಮ್ಮಗಳು ನನ್ನ ಮಡಿಲಲ್ಲಿ ಬೆಳೆದದ್ದೇ ಈ ಗದ್ದಲದ ನಡುವೆ. ಮಾತಿನ ಭಾಗ ಅವಳ ಪಾಲಿಗೆ ಬಂತು.

ಕಾಸರಗೋಡಿನಲ್ಲಿ ಇಳಿದು ಬಸ್ ಸ್ಟಾಂಡಿನ ಹತ್ತಿರದ ಹೋಟೆಲಿನಲ್ಲಿ ಚಾ, ಗೋಳಿಬಜೆ. ದೀಕ್ಷಾ ಏನೂ ಮುಟ್ಟಲಿಲ್ಲ. "ಎಣ್ಣೆ ತಿಂದ್ರೆ ಸ್ವರ ಹೋಗ್ತದೆ," ಎಂದಳು. ಅವಳ ಪಾಲನ್ನೂ ಲೀಲಾ ತಿಂದಳು. ಅದು ತಪ್ಪಾಯಿತೆಂದು ಚೆರ್ಕಳ ದಾಟಿದ ಮೇಲೆ ತಿರುವುಗಳು ಶುರುವಾದಾಗ ತಿಳಿಯಿತು. ಅಡೂರಿನ ಬಸ್ಸು ಕೆಂಪು ಕಲ್ಲಿನ ಗುಡ್ಡ ಹತ್ತಿ ಇಳಿಯುತ್ತ ಬೋವಿಕ್ಕಾನ, ಮುಳ್ಳೇರಿಯ ಎಂದು ಹೋಗುತ್ತಿತ್ತು. ಎರಡೂ ಬದಿ ಗೇರು ಮರ ಹೂ ಬಿಟ್ಟು ಆ ಸಿಹಿ ಪರಿಮಳ ಬಸ್ಸಿನೊಳಗೆ ತುಂಬಿತ್ತು. ಲೀಲಾ ಮಾತ್ರ ಕಣ್ಣು ಮುಚ್ಚಿ ಲಿಂಬೆಹಣ್ಣು ಮೂಸುತ್ತ ಕೂತಿದ್ದಳು.

"ಜಪಾನು ಇನ್ನೆಷ್ಟು ದೂರ?" ಎಂದು ಆಯಿಷಾ ಕೆಣಕಿದಳು.

"ನನ್ನನ್ನು ಮಾತಾಡಿಸ್ಬೇಡ. ಬಾಯಿ ತೆರೆದ್ರೆ ಕೊಳಲು ಬರುವುದಿಲ್ಲ, ಬೇರೆ ಎಂತದಾದ್ರೂ ಬಂದೀತು."

ಅಡೂರಿನಲ್ಲಿ ಇಳಿಯುವಾಗ ಹತ್ತೂವರೆ ದಾಟಿತ್ತು. ಮಂಜೇಶ್ವರದ ಉಪ್ಪು ಗಾಳಿಯವರಿಗೆ ಅಲ್ಲಿನ ಗಾಳಿ ಬೇರೆಯೇ. ಹತ್ತಿರ ಹೊಳೆ, ಸುತ್ತ ಕಾಡು, ಹಳೆಯ ದೇವಸ್ಥಾನ. ನಾನೂ ಲೀಲಾಳೂ ದೇವರಿಗೆ ಕೈ ಮುಗಿದ ಮೇಲೆ ಮಾಸ್ಟ್ರ ಮನೆ ಕೇಳಿಕೊಂಡು ನಡೆದೆವು. ಕೇಳಬೇಕಾದ ಅಗತ್ಯವೇ ಇರಲಿಲ್ಲ. ದಾರಿಯ ತಿರುವಿನಲ್ಲೇ ಪಿಟೀಲು ಕೇಳಿತು. ನಾವು ಮೂವರು ಹೆಂಗಸರೂ ಒಟ್ಟಿಗೆ ನಿಂತುಬಿಟ್ಟೆವು. ನಮ್ಮದೇ ಹಾಡು! ಬೇರೆಯವರ ಮನೆಯಿಂದ, ಬೇರೆಯವರ ಕೈಯಿಂದ ಬರುತ್ತಿತ್ತು. ಆಯಿಷಾ ನನ್ನ ಕೈ ಎಷ್ಟು ಗಟ್ಟಿ ಹಿಡಿದಳೆಂದರೆ ಎರಡು ಬಳೆ ಒಡೆಯಿತು.

ಮಾಸ್ಟ್ರ ಜಗಲಿಯಲ್ಲಿ ಇಬ್ಬರು ಪಿಟೀಲಿನವರು, ಒಬ್ಬ ಕೊಳಲಿನವ, ಮದುವೆ ಬ್ಯಾಂಡಿನಲ್ಲಿ ಊದುವ ಟ್ರಂಪೆಟ್ಟಿನ ಮುದುಕ, ಡೋಲಿನವನೊಬ್ಬ. ಮಾಸ್ಟ್ರು ಕೀಬೋರ್ಡಿನ ಎದುರು. ಅವರ ಹೆಂಡತಿ ನಮಗೆ ಬೆಲ್ಲ ನೀರು ಕೊಟ್ಟು ಚಾಪೆ ಹಾಸಿದರು. "ಇಷ್ಟು ಜನ ಬೆಂಬಲಕ್ಕೆ ಬಂದಿದ್ದೀರಲ್ಲ, ಹುಡುಗಿ ಓಡಿಹೋಗದ ಹಾಗೆ ಕಾವಲಾ?" ಎಂದು ಮಾಸ್ಟ್ರು ನಕ್ಕರು.

ಅಭ್ಯಾಸ ಶುರುವಾಯಿತು. ಮೊದಲ ಚರಣ ಬೆಣ್ಣೆಯ ಹಾಗೆ ಹೋಯಿತು. ಎರಡನೆಯದೂ. ಅದು ಮುಗಿದ ಕೂಡಲೇ ದೀಕ್ಷಾ ನಾಲಗೆಯಲ್ಲಿ ಒಂದು 'ಟಕ್' ಹೊಡೆದು ಪಲ್ಲವಿ ಎತ್ತಿಕೊಂಡಳು. ಪಿಟೀಲಿನವರು ಇನ್ನೂ ಎಲ್ಲಿಯೋ ಮೇಲೆ ಹತ್ತುತ್ತಿದ್ದರು. ಎಲ್ಲ ಕಲಸಿಹೋಯಿತು.

"ಎಂತ ಅದು ಟಕ್?" ಎಂದರು ಮಾಸ್ಟ್ರು.

"ಹಾಡಿನಲ್ಲಿ ಉಂಟು," ಎಂದಳು ದೀಕ್ಷಾ.

"ಎಲ್ಲಿ ಉಂಟು? ಇನ್ನೊಮ್ಮೆ."

ಇನ್ನೊಮ್ಮೆಯೂ ಅಷ್ಟೇ, ಎರಡನೇ ಚರಣ, ಟಕ್, ಪಲ್ಲವಿ. ಮೂರನೆಯ ಸಲ ಮಾಸ್ಟ್ರು ಕೀಬೋರ್ಡಿನಿಂದ ಕೈ ತೆಗೆದರು. "ನೀನು ಇಷ್ಟುದ್ದ ಸಂಗೀತ ನುಂಗ್ತಾ ಇದ್ದಿ ಮಗಳೇ. ಸ್ಟೇಜಿನಲ್ಲಿ ಹೀಗಾದ್ರೆ ನಾವೆಲ್ಲ ಮಂಗ ಆಗ್ತೇವೆ."

ನನಗೆ ತಡೆಯಲಿಲ್ಲ. "ಮಾಸ್ಟ್ರೆ, ಅವಳು ಹಾಡಿದ್ದು ಸರಿ. ಹಾಡು ಇರುವುದೇ ಹಾಗೆ. ಬೇಕಾದ್ರೆ ಇವರನ್ನು ಕೇಳಿ. ಲಕ್ಷಗಟ್ಟಲೆ ಬೀಡಿ ಕಟ್ಟಿದ್ದೇವೆ ನಾವು ಈ ಹಾಡಿಗೆ."

"ಟಕ್ ಅಂದ್ರೆ ಡೋಲಿನ ಪೆಟ್ಟು," ಎಂದು ಲೀಲಾ ಡೋಲಿನವನಿಗೇ ಕಲಿಸಿಕೊಟ್ಟಳು.

ಮಾಸ್ಟ್ರು ಮೊಬೈಲು ತೆಗೆದು ಅಸಲು ಹಾಡು ಹಾಕಿದರು. ದೀಕ್ಷಾ ಕೂಡ ಅದನ್ನು ಪೂರ್ತಿ ಕೇಳಿರಲಿಲ್ಲ. ನಮಗೆ ಬಾಯಿಪಾಠ ಇದ್ದ ಹಾಡನ್ನು ಮೊಬೈಲಿನಲ್ಲಿ ಯಾಕೆ ಕೇಳಬೇಕು ಎಂದು, ಶಬ್ದ ಮಾತ್ರ ಹುಡುಕಿ ಕನ್ನಡದಲ್ಲಿ ಬರೆದುಕೊಂಡಿದ್ದಳು. ಎರಡನೇ ಚರಣ ಮುಗಿಯಿತು. ಟಕ್ ಬರಲಿಲ್ಲ. ಪಿಟೀಲುಗಳು ಒಂದರ ಮೇಲೊಂದು ಹತ್ತಿ ಹೋದವು, ನಮಗೆ ಗೊತ್ತೇ ಇಲ್ಲದ ಕಡೆಗೆ. ನಾವು ದಿನಾ ಓಡಾಡಿದ ಮನೆಯಲ್ಲಿ ಇನ್ನೊಂದು ಕೋಣೆ ಇತ್ತು ಎಂದ ಹಾಗೆ. ಅದರ ನಡುವೆ ಕೋರೆಹಲ್ಲಿನವಳು ಮಾತಾಡಿದಳು. ಹಾಡಲಿಲ್ಲ, ಮಾತಾಡಿದಳು. ಮೆಲ್ಲಗೆ, ಸ್ವಲ್ಪ ಅವಸರದಲ್ಲಿ, ಕೊನೆಗೆ ಒಂದು ಸಣ್ಣ ನಗು.

ಇಷ್ಟು ವರ್ಷ ನಮ್ಮ ಜೊತೆ ಕೂತವಳು ಆ ದಿನ ಮೊದಲ ಸಲ ಬಾಯಿಬಿಟ್ಟು ಮಾತಾಡಿದ್ದಳು. ನಾನು ಅಳುತ್ತಿದ್ದೆನೋ ನಗುತ್ತಿದ್ದೆನೋ ನನಗೇ ತಿಳಿಯದು.

"ಯಾ ಅಲ್ಲಾ!" ಎಂದು ಆಯಿಷಾ ಹಣೆ ಬಡಿದುಕೊಂಡು ನನ್ನ ಕಡೆ ತಿರುಗಿದಳು. "ಸುಂದರಕ್ಕಾ, ಅದು ನಮ್ಮವರು ಕತ್ತರಿ ಹಾಕಿದ ಜಾಗ! ಟೇಪು ಒಳಗೆ ಸುತ್ತಿಕೊಂಡು ಮುದ್ದೆಯಾಗಿತ್ತು, ನೆನಪುಂಟಾ? ಮುದ್ದೆ ಕತ್ತರಿಸಿ ಬಿಸಾಡಿ, ಎರಡು ತುದಿ ಒಟ್ಟಿಗೆ ಅಂಟಿಸಿ ಕೊಟ್ರು. ಆ ಟಕ್ ಅಂದ್ರೆ ಅಂಟು!"

ಕೊಳಲಿನವ ಬಿದ್ದು ಬಿದ್ದು ನಕ್ಕ. ಟ್ರಂಪೆಟ್ಟಿನ ಮುದುಕ, "ಅಂಟಿಗೆ ಕೂಡ ತಾಳ ಹಾಕಿದವರು ನೀವೇ ಮೊದಲು," ಎಂದು ಕೈ ಮುಗಿದ.

ದೀಕ್ಷಾ ಮಾತ್ರ ನಗಲಿಲ್ಲ. ಅವಳ ಮುಖ ಇಳಿದುಹೋಗಿತ್ತು. ಸಂಜೆಗೆ ಕೆಲವೇ ಗಂಟೆ. ಆಡಿದ ಮಾತು ಏನೆಂದು ಗೊತ್ತಿಲ್ಲ, ಕಲಿಯಲು ಹೊತ್ತಿಲ್ಲ. ಮಾಸ್ಟ್ರು ಮೆತ್ತಗೆ ಹೇಳಿದರು, "ಮಾತು ಬೇಡ. ಅಲ್ಲಿ ಪಿಟೀಲು ಸಾಕು. ನೀನು ಬಾಯಿ ಮುಚ್ಚಿ ನಿಲ್ಲು, ನಾನು ತಲೆ ಆಡಿಸಿದಾಗ ಪಲ್ಲವಿ ತೆಗೆ. ಆಗ್ತದಾ? ಇಲ್ಲದಿದ್ರೆ ಈಗಲೇ ಹೇಳು, ನಿನಗೆ ಗೊತ್ತಿರುವ ಒಂದು ಸಿನಿಮಾ ಹಾಡು ಹಾಕುವ. ಇದು ತಪ್ಪಿದ್ರೆ ಮತ್ತೆ ನಾನು ತಂಡಕ್ಕೆ ಹೇಗೆ ಸೇರಿಸ್ಲಿ?"

"ಇದೇ ಹಾಡ್ತೇನೆ," ಎಂದಳು ಹುಡುಗಿ.

ಊಟಕ್ಕೆ ಕುಚ್ಚಲಕ್ಕಿ ಅನ್ನ, ಬಸಳೆ ಪದಾರ್ಥ, ಹುರಿದ ಹಪ್ಪಳ. ಆಯಿಷಾಳ ಎರಡನೆಯ ಚೀಲದಿಂದ ಮಾವಿನಮಿಡಿ ಉಪ್ಪಿನಕಾಯಿಯ ಭರಣಿ ಹೊರಬಂದು ಮಾಸ್ಟ್ರ ಹೆಂಡತಿಯ ಕೈ ಸೇರಿತು. ಊಟದ ನಂತರ ಮತ್ತೆ ಅಭ್ಯಾಸ. ಎರಡು ಸಲ ಸರಿಯಾಯಿತು, ಒಂದು ಸಲ ಟಕ್ ಬಂತು. ಹುಟ್ಟಿದಂದಿನಿಂದ ಬಂದ ಟಕ್ ಅಷ್ಟು ಸುಲಭವಾಗಿ ಬಿಡುತ್ತದೆಯೇ? ಮಾಸ್ಟ್ರು ನಮ್ಮ ಮೂವರ ಕಡೆ ಬೆರಳು ತೋರಿಸಿ, "ನೀವು ಎದುರಿನ ಸಾಲಿನಲ್ಲಿ ಕೂತ್ಕೊಳ್ಳಿ, ಬೇಡ ಅನ್ನುವುದಿಲ್ಲ. ಆದ್ರೆ ಬಾಯಿ ಬಂದ್," ಎಂದು ಆಣೆ ಹಾಕಿಸಿದರು.

ಶಾಲೆಯ ಮೈದಾನದಲ್ಲಿ ಚಪ್ಪರ. ಸಂಜೆ ನಾಲ್ಕಕ್ಕೇ ಜನ ತುಂಬಿದ್ದರು. ಭಾಷಣ ಮುಗಿಯಿತು, ಮಕ್ಕಳ ಕುಣಿತ ಮುಗಿಯಿತು. ಲೀಲಾ ಬಾಯಿ ಬಂದ್ ಮಾಡಲೆಂದು ಕೆನ್ನೆ ತುಂಬ ವೀಳ್ಯ ತುಂಬಿಕೊಂಡಳು. ದೀಕ್ಷಾ ಹಸಿರು ಲಂಗ ದಾವಣಿಯಲ್ಲಿ ಬಂದು ಮೈಕಿನ ಎದುರು ನಿಂತಳು.

ಪಿಟೀಲು ಶುರುವಾಯಿತು. ಜನ ಮೊದಲು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇದು ತಮಿಳಾ, ಮಲಯಾಳಮಾ? ನನ್ನ ಹಿಂದಿನವನು, "ಕೊಂಕಣಿ ಇರಬೇಕು," ಎಂದ. ಆದರೆ ಟ್ರಂಪೆಟ್ಟು ಬಾಗಿಲು ತೆರೆದು ಪಲ್ಲವಿ ಬಂದಾಗ ಆ ಪ್ರಶ್ನೆ ಯಾರಿಗೂ ಬೇಕಾಗಲಿಲ್ಲ. ಮಕ್ಕಳು ತಲೆ ಆಡಿಸತೊಡಗಿದರು. ಪಿಟೀಲಿನವರ ಕೈ ಮೇಲೆ ಕೆಳಗೆ ಹೋಗುವುದನ್ನು ನಾನು ಕಣ್ಣು ತುಂಬ ನೋಡಿದೆ. ಮೊದಲ ಚರಣ. ಎರಡನೇ ಚರಣ. ಮುಗಿಯಿತು. ದೀಕ್ಷಾ ಬಾಯಿ ಬಿಗಿದು ನಿಂತಳು. ಪಿಟೀಲು ಮೇಲೆ ಹತ್ತಿತು. ಹುಡುಗಿ ಟಕ್ ಹೊಡೆಯಲಿಲ್ಲ, ಗೆದ್ದಳು!

ಟಕ್ ಹೊಡೆದದ್ದು ನಾವು.

ಆಣೆ, ವೀಳ್ಯ ಯಾವುದೂ ಕೆಲಸಕ್ಕೆ ಬರಲಿಲ್ಲ. ಮೂರು ನಾಲಗೆಯೂ ಒಟ್ಟಿಗೆ ಟಕ್ ಎಂದು, ಮೂರು ಬಾಯಿಯೂ ಒಟ್ಟಿಗೆ ಪಲ್ಲವಿಯ ವಾದ್ಯ ಎತ್ತಿಕೊಂಡವು. ಲೀಲಾಳ ಕೊಳಲಿನ ಜೊತೆ ವೀಳ್ಯದ ರಸವೂ ಹಾರಿತು. ಎದುರಿನ ಸಾಲು ಪೂರ್ತಿ ನಮ್ಮ ಕಡೆ ತಿರುಗಿತು. ತಪ್ಪು ಗೊತ್ತಾಗಿ ನಾವು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡೆವು. ಮೇಲೆ ನೋಡಿದರೆ ದೀಕ್ಷಾ ನಮ್ಮನ್ನೇ ನೋಡುತ್ತಿದ್ದಳು. ಎರಡು ಕ್ಷಣ ತಡೆದಳು. ಮತ್ತೆ ತಡೆಯಲಾಗದೆ ನಕ್ಕುಬಿಟ್ಟಳು, ಮೈಕಿಗೇ. ಆ ನಗು ಪಿಟೀಲಿನ ಮೇಲೆ ತೇಲಿ ಇಡೀ ಮೈದಾನಕ್ಕೆ ಕೇಳಿತು. ನಗು ಮುಗಿಯುವುದಕ್ಕೂ ಮಾಸ್ಟ್ರು ತಲೆ ಆಡಿಸುವುದಕ್ಕೂ ಸರಿಹೋಯಿತು. ಹುಡುಗಿ ನಗುವ ಬಾಯಲ್ಲೇ ಪಲ್ಲವಿ ಎತ್ತಿದಳು, ಕೂದಲೆಳೆಯಷ್ಟೂ ಆಚೀಚೆ ಆಗದೆ.

ಚಪ್ಪಾಳೆ ನಿಲ್ಲಲಿಲ್ಲ. ನಗು ಹಾಡಿನದ್ದೇ ಎಂದು ಜನ ತಿಳಿದರು. ಇನ್ನೊಮ್ಮೆ ಹಾಡಿ ಎಂದು ಹಿಂದಿನಿಂದ ಕೂಗಿದರು.

ಇಳಿದು ಬಂದ ಮೇಲೆ ಮಾಸ್ಟ್ರು ನಮ್ಮ ಎದುರು ಸೊಂಟಕ್ಕೆ ಕೈಯಿಟ್ಟು ನಿಂತರು. ನಾವು ಶಾಲೆಯ ಮಕ್ಕಳ ಹಾಗೆ ತಲೆ ತಗ್ಗಿಸಿದೆವು. ಅವರು ದೀಕ್ಷಾಳ ಕಡೆ ತಿರುಗಿ, "ಬರುವ ಆದಿತ್ಯವಾರ ಮುಳ್ಳೇರಿಯದಲ್ಲಿ ಮದುವೆ. ಬೆಳಿಗ್ಗೆ ಬಂದುಬಿಡು. ಇದೇ ಹಾಡು, ಆ ನಗು ಸಮೇತ," ಎಂದರು.

"ನಗು ಬರಬೇಕಾದ್ರೆ ಇವರೂ ಬರಬೇಕಲ್ಲ ಮಾಸ್ಟ್ರೆ," ಎಂದಳು ಹುಡುಗಿ, ಮುಖವೆಲ್ಲ ಬೆಳಕಾಗಿ.

"ಬರ್ಲಿ. ಊಟ ಹಾಕಿಸ್ತೇನೆ. ಮೈಕು ಕೊಡುವುದಿಲ್ಲ."

ಹಿಂದಿರುಗುವ ಬಸ್ಸಿನಲ್ಲಿ ದೀಕ್ಷಾ ಮೊಬೈಲು ಹಿಡಿದು ಆ ಜಾಗವನ್ನು ಮತ್ತೆ ಮತ್ತೆ ಹಾಕಿದಳು. ಕೋರೆಹಲ್ಲಿನವಳು ಆಡಿದ್ದು ಏನಿರಬಹುದು ಎಂದು ಚರ್ಚೆ. ರೈಲು ಸ್ಟೇಶನ್ನಿನಲ್ಲಿ ಯಾರನ್ನೋ ಕಳಿಸಿಕೊಡುವ ಹಾಡು ಅದು ಎಂದು ದೀಕ್ಷಾ ಮೊದಲೇ ಹೇಳಿದ್ದಳು. "ಹೋದ ಕೂಡಲೇ ಫೋನು ಮಾಡಿ ಅಂತ ಹೇಳಿದ್ದು," ಎಂದಳು ಆಯಿಷಾ. "ಬುತ್ತಿ ಮರೆತಿದ್ದೀರಿ ಅಂತ," ಎಂದಳು ಲೀಲಾ. ಹುಡುಕಿ ಹೇಳಲೇ ಎಂದು ದೀಕ್ಷಾ ಕೇಳಿದರೆ ಮೂವರೂ ಬೇಡವೆಂದೆವು. ಕಾಸರಗೋಡಿನಲ್ಲಿ ಬಸ್ಸು ಬದಲಿಸುವ ಹೊತ್ತಿಗೆ ಆ ಪಿಟೀಲು ನಮ್ಮ ಬಾಯಿಗೆ ಬಂದಾಗಿತ್ತು.

ಮೊಗ್ರಾಲಿಗೆ ಬರುವಾಗ ರಾತ್ರಿಯಾಗಿತ್ತು. ಅದ್ರಾಮ ಬ್ಯಾರಿ ಹೆಂಡತಿಯನ್ನು ಕರೆದೊಯ್ಯಲು ಸ್ಟಾಪಿನಲ್ಲಿ ಕಾದಿದ್ದರು. ಆಯಿಷಾ ಮೆಟ್ಟಿಲಿನಿಂದ ಇಳಿಯುವ ಮೊದಲೇ ಶುರುಮಾಡಿದಳು, "ನೀವು ಕತ್ತರಿಸಿ ಬಿಸಾಡಿದ್ದರಲ್ಲಿ ಆ ಹುಡುಗಿ ಮಾತಾಡಿದ್ದಾಳೆ!"

"ಯಾವ ಹುಡುಗಿ? ನಾನು ಎಂತ ಮಾಡಿದೆ?" ಎಂದು ಅವರು ಗಾಬರಿಯಾದರು.

ಕಂಡಕ್ಟರ್ ಬೆಲ್ಲು ಹೊಡೆದ, ಬಸ್ಸು ಹೊರಟಿತು. ನಾನು ಕಿಟಕಿಯಿಂದ ತಲೆ ಹೊರಹಾಕಿ ಹಿಂದೆ ನೋಡಿದೆ. ಆಯಿಷಾ ರಸ್ತೆಯ ಬದಿಯ ದೀಪದ ಕೆಳಗೇ ನಿಂತು, ಒಂದು ಕೈ ಮೇಲಕ್ಕೆ ಮೇಲಕ್ಕೆ ಎತ್ತುತ್ತ, ಕತ್ತರಿಗೆ ಹೋದ ಆ ಪಿಟೀಲನ್ನು ಗಂಡನಿಗೆ ಹಾಡಿ ತೋರಿಸುತ್ತಿದ್ದಳು. ಬ್ಯಾರಿ ತಲೆಯ ಟೊಪ್ಪಿ ಸರಿಮಾಡಿಕೊಂಡು, ಕಿವಿಗೆ ಕೈ ಹಿಡಿದು, ಬಗ್ಗಿ ಕೇಳುತ್ತಿದ್ದರು.